ಹಾಡೋರು ನಿಲ್ಲಿಸಿದ ಕಡೆ ಹಾರ್ನ್ ಹಾಡೋಕೆ ಶುರು ಮಾಡುತ್ತೆ

(ಮಾತಾಡಿದ್ದನ್ನ ಹೆಚ್ಚು ತಿದ್ದದೆ ಬರಹಕ್ಕೆ ಇಳಿಸಿದ್ದೀನಿ. ನಡುನಡುವೆ ಹಾಡು ಹಾಕಿ ಕೇಳಿಸಿದ್ದನ್ನ ಇಲ್ಲಿ ಕೊಡೋಕಾಗಲ್ಲ, ಹಾಗಾಗಿ ಆ ಜಾಗಗಳಲ್ಲಿ ಆಲ್ಬಂ ಹೆಸರು ಮಾತ್ರ ಇದೆ.)

ಎಲ್ಲರಿಗೂ ನಮಸ್ಕಾರ. ರಾಕ್ ಬ್ಯಾಂಡಲ್ಲಿ ಹಾರ್ನ್ ಸೆಕ್ಷನ್ ಅಂದ ತಕ್ಷಣ ತುಂಬಾ ಜನಕ್ಕೆ ಕಣ್ಮುಂದೆ ಬರೋದು ಒಂದೇ ಚಿತ್ರ. ಮಧ್ಯದಲ್ಲಿ ಹಾಡೋರು, ಪಕ್ಕದಲ್ಲಿ ಗಿಟಾರ್, ಹಿಂದೆ ಡ್ರಮ್ಸ್, ಒಂದು ಮೂಲೇಲಿ ಮೂರು ಜನ ಸಾಲಾಗಿ ನಿಂತು ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್ ಹಿಡ್ಕೊಂಡು ಕೋರಸ್ ಬಂದಾಗ ಪ್ಯಾ ಪ್ಯಾ ಅಂತ ನಾಲ್ಕು ಪೆಟ್ಟು ಕೊಟ್ಟು ಮತ್ತೆ ಸುಮ್ನಾಗೋದು. ಈ ಚಿತ್ರ ಬಂದಿದ್ದು ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದಿಂದ, ಅದರ ಬಗ್ಗೆ ನನಗೆ ಅಪಾರ ಗೌರವ ಇದೆ. ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಟ್ರಂಪೆಟ್ ಊದ್ತಿದ್ದ ವೇಯ್ನ್ ಜಾಕ್ಸನ್, ಟೆನರ್ ಸ್ಯಾಕ್ಸ್ ಊದ್ತಿದ್ದ ಆಂಡ್ರ್ಯೂ ಲವ್, ಈ ಇಬ್ರೇ ಸೇರಿ ಮೆಂಫಿಸ್ ಹಾರ್ನ್ಸ್ ಅಂತ ಹೆಸರಾದ್ರು. ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಈ ಇಬ್ರಿಗೆ ನೋಟೇಶನ್ ಬರೆದು ಕೊಡ್ತಿರ್ಲಿಲ್ಲ, ಹಾರ್ನ್ ಏನು ನುಡಿಸ್ಬೇಕೋ ಅದನ್ನ ಬಾಯಲ್ಲೇ ಗುನುಗಿ ತೋರಿಸ್ತಿದ್ರು, ಇವರು ಅಲ್ಲೇ ಹಿಡ್ಕೊಂಡು ಊದ್ತಿದ್ರು. ಆಮೇಲೆ 1967ರಲ್ಲಿ ಶಿಕಾಗೋ ಬ್ಯಾಂಡ್ ಶುರುವಾಯ್ತು, ಅದೇ ವರ್ಷ ಬ್ಲಡ್, ಸ್ವೆಟ್ ಅಂಡ್ ಟಿಯರ್ಸ್ ಕೂಡ, ಇವರೆಲ್ಲ ಹಾರ್ನ್ ಊದೋರನ್ನ ಬಾಡಿಗೆಗೆ ಕರೆಸದೆ ಬ್ಯಾಂಡಿನ ಒಳಗೇ ತಗೊಂಡ್ರು, ಅದು ದೊಡ್ಡ ಹೆಜ್ಜೆ.

ಆದ್ರೆ ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದು ಬೇರೆ. 90ರ ದಶಕದ ಕೊನೆಯಿಂದ ಈಚೆಗೆ ಬಂದ ಕೆಲವು ಇಂಡೀ, ಅಂದ್ರೆ ದೊಡ್ಡ ಕಂಪನಿಗಳ ಹೊರಗೆ ಬೆಳೆದ, ಬ್ಯಾಂಡ್‌ಗಳಲ್ಲಿ ಹಾರ್ನ್ ಮಾಡೋ ಕೆಲಸಾನೇ ಬದಲಾಗಿಬಿಡ್ತು. ಅಲ್ಲಿ ಅದು ಹಾಡಿಗೆ ಹಾಕೋ ಒಡವೆ ಅಲ್ಲ, ಎರಡನೇ ಗಾಯಕ. ಪದ ಮುಗಿದ ಮೇಲೆ ಹಾಡಿನ ಮುಖ್ಯ ಟ್ಯೂನ್ ಅದರ ಕೈಗೆ ಬರುತ್ತೆ. ಇದು ಹೇಗೆ ಆಯ್ತು, ಇದರ ಹಿಂದೆ ಯಾವ ಯಾವ ಸಣ್ಣ ಸಣ್ಣ ಕಾರಣ ಇದೆ ಅನ್ನೋದೇ ನನ್ನ ಮಾತು, ಅದಕ್ಕೆ ನಾನು ಮುಖ್ಯವಾಗಿ ಬೇರೂತ್ ಅನ್ನೋ ಬ್ಯಾಂಡ್ ಹಿಡ್ಕೊಂಡಿದ್ದೀನಿ.

ಹೆಸರು ಲೆಬನಾನ್ ರಾಜಧಾನಿದು, ಬ್ಯಾಂಡ್ ಮಾತ್ರ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ್ದು. ಸಾಂಟಾ ಫೇ ಊರಲ್ಲಿ ಬೆಳೆದ ಝ್ಯಾಕ್ ಕಾಂಡನ್, ಹುಟ್ಟಿದ್ದು 1986ರಲ್ಲಿ, ಚಿಕ್ಕ ವಯಸ್ಸಿನಿಂದ ಟ್ರಂಪೆಟ್ ಕಲಿತೋರು. ಹುಡುಗ ಆಗಿದ್ದಾಗ ಎಡಗೈ ಮಣಿಕಟ್ಟಿಗೆ ಜೋರು ಪೆಟ್ಟಾಗಿತ್ತು, ಆಮೇಲೆ ಗಿಟಾರಿನ ಕತ್ತನ್ನ ಸರಿಯಾಗಿ ಸುತ್ತಿ ಹಿಡಿಯೋಕೆ ಆಗ್ಲಿಲ್ಲ, ಅದಕ್ಕೇ ಯುಕುಲೆಲೆ ಅನ್ನೋ ಪುಟ್ಟ ಗಿಟಾರ್ ತರದ ವಾದ್ಯ ಹಿಡಿದ್ರು. ಕಾಂಡನ್ ಬಗ್ಗೆ ಬರೆಯೋರೆಲ್ಲ ಈ ಕತೆ ಹೇಳ್ತಾರೆ, ಆದ್ರೆ ಅದರಿಂದ ಸಂಗೀತಕ್ಕೆ ಏನಾಯ್ತು ಅಂತ ಯೋಚಿಸೋರು ಕಮ್ಮಿ, ನನಗೆ ಅದೇ ಮುಖ್ಯ ಅನ್ಸುತ್ತೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ.

ಗಿಟಾರಿನ ಅತಿ ಕೆಳಗಿನ ಸ್ವರ ಇ, ಅದರ ಕಂಪನ ಸೆಕೆಂಡಿಗೆ ಸುಮಾರು 82. ಸಾಮಾನ್ಯ ಟೆನರ್ ಟ್ರೊಂಬೋನಲ್ಲಿ ಸ್ಲೈಡ್ ಪೂರ್ತಿ ಚಾಚಿ ಊದಿದ್ರೆ ಸಾಮಾನ್ಯವಾಗಿ ಬರೋ ಕೆಳಗಿನ ಸ್ವರ ಯಾವ್ದು ಗೊತ್ತಾ, ಅದೇ ಇ, ಅದೇ 82. ಅಂದ್ರೆ ಗಿಟಾರ್ ಮತ್ತೆ ಟ್ರೊಂಬೋನ್ ಒಂದೇ ನೆಲದಿಂದ ಶುರುವಾಗಿ ಒಂದೇ ಜಾಗದಲ್ಲಿ ಓಡಾಡ್ತಾವೆ. ಅದಕ್ಕೆ ಡಿಸ್ಟಾರ್ಶನ್ ಹಾಕಿದ, ಅಂದ್ರೆ ದನಿ ಒರಟು ಮಾಡಿದ, ಗಿಟಾರ್ ಇನ್ನೊಂದು ಸೇರಿಸಿ ಎರಡು ಗಿಟಾರ್ ಇಟ್ರೆ ಹಾರ್ನ್‌ಗೆ ನಿಲ್ಲೋಕೂ ಜಾಗ ಇರಲ್ಲ, ಎಷ್ಟು ಜೋರಾಗಿ ಊದಿದ್ರೂ ಗಿಟಾರಿನ ಗದ್ದಲದಲ್ಲಿ ಮುಳುಗುತ್ತೆ, ಆಗ ಉಳಿಯೋ ದಾರಿ ಒಂದೇ, ಗಿಟಾರ್ ಉಸಿರು ತಗೊಳ್ಳೋ ಗ್ಯಾಪಲ್ಲಿ ಪ್ಯಾ ಅಂತ ಒಂದು ಪೆಟ್ಟು ಕೊಟ್ಟು ಹಿಂದೆ ಸರಿಯೋದು. ರಾಕ್‌ನಲ್ಲಿ ಹಾರ್ನ್ ಬರೀ ಪೆಟ್ಟು ಕೊಡೋ ವಾದ್ಯ ಆಗಿದ್ದಕ್ಕೆ ಇದೂ ಒಂದು ಕಾರಣ ಅಂತ ನಾನು ನಂಬ್ತೀನಿ. ಈಗ ಯುಕುಲೆಲೆ ನೋಡಿ. ಸಾಮಾನ್ಯವಾಗಿ ಶ್ರುತಿ ಮಾಡೋ ರೀತಿಯಲ್ಲಿ ಅದರ ಕೆಳಗಿನ ಸ್ವರ ಮಧ್ಯದ ಸಿ, ಅಂದ್ರೆ ಸುಮಾರು 262 ಕಂಪನ. ಅದರಿಂದ ಕೆಳಗೆ ಪೂರ್ತಿ ಖಾಲಿ! ಆ ಖಾಲಿ ಜಾಗದಲ್ಲಿ ಟ್ರೊಂಬೋನ್, ಯೂಫೋನಿಯಂ, ಟ್ಯೂಬಾ, ಅಕಾರ್ಡಿಯನ್ ಎಲ್ಲ ಆರಾಮಾಗಿ ಕೂತ್ಕೊಂಡ್ವು. ಬೇರೂತ್ ಹಾಡು ಕೇಳಿದಾಗ ಹಾರ್ನ್ ಅಷ್ಟು ಅಗಲವಾಗಿ, ಆತುರ ಇಲ್ಲದೆ ಹರಡಿಕೊಳ್ಳುತ್ತಲ್ಲ, ಅದಕ್ಕೆ ಜಾಗ ಬಿಟ್ಟುಕೊಟ್ಟಿದ್ದು ಆ ಪುಟ್ಟ ನಾಲ್ಕು ತಂತಿ ವಾದ್ಯ.

ಕಾಂಡನ್ ಹೈಸ್ಕೂಲ್ ಅರ್ಧಕ್ಕೆ ಬಿಟ್ಟು ಯುರೋಪ್ ಸುತ್ತೋಕೆ ಹೋದ್ರು, ಅಲ್ಲಿ ಆಗ್ನೇಯ ಯುರೋಪಿನ ಬಾಲ್ಕನ್ ಕಡೆಯ ಬ್ರಾಸ್, ಅಂದ್ರೆ ಹಿತ್ತಾಳೆ ಊದುವಾದ್ಯಗಳ, ಸಂಗೀತ ಕಿವಿಗೆ ಬಿತ್ತು. ಆಟೊಮನ್ ಸಾಮ್ರಾಜ್ಯದ ಕಾಲದ ಸೇನಾ ಬ್ಯಾಂಡುಗಳ ವಾದ್ಯಗಳು ಹಳ್ಳಿ ಸೇರಿ, ಮದುವೆಗೂ ಸಾವಿಗೂ ಊದೋ ಪದ್ಧತಿಯಾಗಿ, ಅದರಲ್ಲೂ ಜಿಪ್ಸಿ ಅಂತ ಕರೀತಿದ್ದ ರೋಮಾ ಜನರ ಕೈಯಲ್ಲಿ ಬೆಳೆದ ಸಂಗೀತ ಅದು. ಸರ್ಬಿಯಾದ ಗುಚಾ ಅನ್ನೋ ಸಣ್ಣ ಊರಲ್ಲಿ 1961ರಿಂದ ಟ್ರಂಪೆಟ್ ಹಬ್ಬಾನೇ ನಡೀತಾ ಬಂದಿದೆ, ಬೋಬನ್ ಮಾರ್ಕೋವಿಚ್ ಅವರ ಬ್ಯಾಂಡ್ ಹೆಸರು ಮಾಡಿದ್ದು ಅಲ್ಲೇ. ಆ ಬ್ಯಾಂಡುಗಳಲ್ಲಿ ಹಾರ್ನ್‌ಗೆ ಪೂರ್ತಿ ಯಜಮಾನಿಕೆ. ಬೇಸ್ ಗಿಟಾರ್ ಮಾಡೋ ಕೆಲಸ ಟ್ಯೂಬಾ ತರದ ದೊಡ್ಡ ವಾದ್ಯದ್ದು, ರಿದಮ್ ಗಿಟಾರ್ ಮಾಡೋ ಕೆಲಸ ಟೆನರ್ ಹಾರ್ನ್‌ಗಳದ್ದು, ಹಾಡೋ ಕೆಲಸ ಟ್ರಂಪೆಟ್ ಮತ್ತೆ ಫ್ಲೂಗಲ್‌ಹಾರ್ನ್‌ದು. ಟ್ರಂಪೆಟ್ ಹಿಡಿದು ಬೆಳೆದ ಹುಡುಗನಿಗೆ ಇದನ್ನ ಕೇಳಿದಾಗ ಏನಾಗಿರ್ಬೇಕು ಯೋಚ್ನೆ ಮಾಡಿ. ನನ್ನ ವಾದ್ಯ ಮೂಲೇಲಿ ನಿಲ್ಲೋದಲ್ಲ, ಇಡೀ ಬ್ಯಾಂಡನ್ನೇ ಅದರಿಂದ ಕಟ್ಟಬಹುದು ಅಂತ ಗೊತ್ತಾದ ಗಳಿಗೆ ಅದು.

2006ರಲ್ಲಿ ಮೊದಲ ಆಲ್ಬಂ ಗುಲಾಗ್ ಒರ್ಕೆಸ್ಟರ್ ಬಂತು, ಕಾಂಡನ್‌ಗೆ ಆಗ ಇಪ್ಪತ್ತು ವರ್ಷ. ಅದರ ಹೆಚ್ಚಿನ ಭಾಗ ಅವರೇ ಒಬ್ರೇ ಕೂತು ಒಂದರ ಮೇಲೆ ಒಂದು ಪದರ ಊದಿ ರೆಕಾರ್ಡ್ ಮಾಡಿದ್ದು. ಒಬ್ಬನೇ ಮನುಷ್ಯ ನಾಲ್ಕೈದು ಸಲ ಟ್ರಂಪೆಟ್ ಊದಿ ಸೇರಿಸಿದಾಗ ಪ್ರತಿ ಸಲವೂ ಶ್ರುತಿ ಕೂದಲೆಳೆಯಷ್ಟು ಆಚೆ ಈಚೆ ಆಗುತ್ತೆ, ಅದನ್ನ ಯಾರೂ ತಿದ್ದೋಕೆ ಹೋಗಿಲ್ಲ, ಅದರಿಂದಾನೇ ಒಂದು ಹಳ್ಳಿ ಬ್ಯಾಂಡ್ ಬೀದೀಲಿ ಬರ್ತಿರೋ ಹಾಗೆ ಕೇಳ್ಸುತ್ತೆ. ಇವತ್ತಿನ ಸಾಫ್ಟ್‌ವೇರಲ್ಲಿ ಎಲ್ಲಾನೂ ಗೆರೆ ಎಳೆದ ಹಾಗೆ ನೇರ ಮಾಡ್ಬಹುದು, ಮಾಡಿದ್ರೆ ಆ ಆಲ್ಬಂ ಸತ್ತೇ ಹೋಗ್ತಿತ್ತು.

ಆ ಆಲ್ಬಂ ಮುಗಿಸೋಕೆ ಸಹಾಯ ಮಾಡಿದೋರಲ್ಲಿ ಡ್ರಮ್ಸ್ ನುಡಿಸೋ ಜೆರೆಮಿ ಬಾರ್ನ್ಸ್ ಒಬ್ರು. ಈ ಹೆಸರು ನೆನಪಿಟ್ಕೊಳ್ಳಿ, ಯಾಕಂದ್ರೆ ಇಲ್ಲಿ ಒಂದು ಎಳೆ ಇದೆ. ಇದೇ ಬಾರ್ನ್ಸ್ 1998ರಲ್ಲಿ ಬಂದ ನ್ಯೂಟ್ರಲ್ ಮಿಲ್ಕ್ ಹೋಟೆಲ್ ಬ್ಯಾಂಡಿನ ಇನ್ ದಿ ಏರೋಪ್ಲೇನ್ ಓವರ್ ದಿ ಸೀ ಆಲ್ಬಂನಲ್ಲಿ ಡ್ರಮ್ಸ್ ನುಡಿಸಿದೋರು, ಆಮೇಲೆ ಎ ಹಾಕ್ ಅಂಡ್ ಎ ಹ್ಯಾಕ್ಸಾ ಅಂತ ಇನ್ನೊಂದು ಬ್ಯಾಂಡ್ ಕಟ್ಟಿ ಪೂರ್ವ ಯುರೋಪಿನ ಸಂಗೀತದೊಳಗೆ ಇಳಿದೋರು. ಆ ಏರೋಪ್ಲೇನ್ ಆಲ್ಬಂ ಡೆನ್ವರ್‌ನಲ್ಲಿ ರಾಬರ್ಟ್ ಶ್ನೈಡರ್ ಸ್ಟುಡಿಯೋದಲ್ಲಿ ಆಗಿದ್ದು, ಜೆಫ್ ಮ್ಯಾಂಗಮ್ ಹಾಡು, ಹಾರ್ನ್ ಮುಖ್ಯವಾಗಿ ಸ್ಕಾಟ್ ಸ್ಪಿಲೇನ್. ಅಲ್ಲಿ ಮ್ಯಾಂಗಮ್ ಅವರ ಅಕೌಸ್ಟಿಕ್ ಗಿಟಾರ್ ಒಡೆದ ಸ್ಪೀಕರ್ ತರ ಕಿರುಚುತ್ತೆ, ಅದರ ಮೇಲೆ ಕೇಳ್ಸಬೇಕು ಅಂದ್ರೆ ಸ್ಪಿಲೇನ್ ಎದೆ ಬಿರಿಯೋ ಹಾಗೆ ಊದ್ಬೇಕು, ಹಾಗೇ ಊದಿದ್ದಾರೆ. ನಯ ನಾಜೂಕು ಏನೂ ಇಲ್ಲ, ಆದ್ರೆ ಹಾಡೋ ದನಿ ಎಷ್ಟು ಬಿರುಕು ಬಿಟ್ಟಿದೆಯೋ ಹಾರ್ನ್ ದನೀನೂ ಅಷ್ಟೇ ಬಿರುಕು ಬಿಟ್ಟಿದೆ, ಇಬ್ರೂ ಒಂದೇ ದುಃಖದಲ್ಲಿರೋ ಹಾಗೆ. ನಡುವೆ ದಿ ಫೂಲ್ ಅಂತ ಪದವೇ ಇಲ್ಲದ ಒಂದು ಸಣ್ಣ ಮಾರ್ಚ್ ಬರುತ್ತೆ, ಎರಡು ನಿಮಿಷ ಇರಬಹುದು, ಹಾಡೋರು ಆಚೆ ಹೋಗಿದ್ದಾರೆ, ಕತೆ ಮಾತ್ರ ನಿಂತಿಲ್ಲ. ನಾನು ಮೊದಲು ಹೇಳಿದ ಎರಡನೇ ಗಾಯಕ ಅನ್ನೋ ಮಾತು ಇಂಡೀ ರಾಕ್‌ನಲ್ಲಿ ಗಟ್ಟಿಯಾಗಿ ನಿಂತಿದ್ದು ಇಲ್ಲಿ ಅನ್ನೋದು ನನ್ನ ಅಭಿಪ್ರಾಯ.

ಈಗ ದನಿ ವಿಷಯ. ಟ್ರಂಪೆಟ್ ಕೊಳವೆ ಬಹುಪಾಲು ಒಂದೇ ಅಗಲ ಇರುತ್ತೆ, ಕೊನೇಲಿ ಮಾತ್ರ ಅರಳುತ್ತೆ, ಅದಕ್ಕೇ ದನಿ ಹೊಳೆಯುತ್ತೆ, ಚುಚ್ಚುತ್ತೆ. ಫ್ಲೂಗಲ್‌ಹಾರ್ನ್ ಅದೇ ಶ್ರುತಿ, ಅದೇ ಮೂರು ವಾಲ್ವ್, ಬೆರಳಾಟವೂ ಅದೇ, ಆದ್ರೆ ಕೊಳವೆ ಹೋಗ್ತಾ ಹೋಗ್ತಾ ಅಗಲ ಆಗುತ್ತೆ, ಹಾಗಾಗಿ ದನಿ ಮೆತ್ತಗೆ, ಸ್ವಲ್ಪ ಕತ್ತಲೆ ಕತ್ತಲೆ. ಕಾಂಡನ್ ಎರಡೂ ಊದ್ತಾರೆ. ಇನ್ನು ಅವರ ಹಾಡುಗಾರಿಕೆ ಕೇಳಿ, ಸ್ವರದಿಂದ ಸ್ವರಕ್ಕೆ ಜಾರ್ತಾ, ಉದ್ದುದ್ದ ಎಳೀತಾ, ಪದಗಳ ಅಂಚು ಎಲ್ಲ ಕರಗಿ ಹೋಗಿರುತ್ತೆ, ಎಷ್ಟೋ ಸಾಲು ಏನು ಹೇಳಿದ್ರು ಅಂತಾನೂ ಗೊತ್ತಾಗಲ್ಲ. ಕೆಲವರು ಅದನ್ನ ಕೊರತೆ ಅಂತಾರೆ. ನಾನು ಒಪ್ಪಲ್ಲ, ಅವರು ಟ್ರಂಪೆಟ್ ಊದೋ ಹಾಗೇ ಹಾಡ್ತಾರೆ ಅಷ್ಟೇ. ಒಂದು ಉಸಿರಿಗೆ ಒಂದು ಸಾಲು, ಉಸಿರು ಮುಗಿದ ಕಡೆ ಸಾಲು ಮುಗೀತು. ಹಾಗಾಗಿ ಹಾಡು ನಿಲ್ಲಿಸಿ ಟ್ರಂಪೆಟ್ ಎತ್ತಿದಾಗ ಬೇರೆ ಯಾರೋ ಬಂದ್ರು ಅಂತ ಅನ್ಸೋದೇ ಇಲ್ಲ, ಅದೇ ಮನುಷ್ಯ, ಅದೇ ಎದೆ, ಅದೇ ಗಾಳಿ.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ಕೇಕ್ ಅನ್ನೋ ಬ್ಯಾಂಡ್, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದ್ದು, 1991ರಲ್ಲಿ ಶುರು. ಜಾನ್ ಮೆಕ್ರೇ ಹಾಡೋದಕ್ಕಿಂತ ಹೆಚ್ಚು ಮಾತಾಡ್ತಾರೆ, ಸಮತಟ್ಟಾಗಿ, ಏರಿಳಿತ ಇಲ್ಲದೆ. ಹಾಗಾದ್ರೆ ಟ್ಯೂನ್ ಎಲ್ಲಿದೆ? ವಿನ್ಸ್ ಡಿಫಿಯೋರ್ ಅವರ ಟ್ರಂಪೆಟ್‌ನಲ್ಲಿ. ಒಂದೇ ಒಂದು ಟ್ರಂಪೆಟ್, ಸೆಕ್ಷನ್ ಕೂಡ ಅಲ್ಲ, ಆದ್ರೆ 1996ರ ಫ್ಯಾಶನ್ ನಗೆಟ್ ಆಲ್ಬಂ ಕೇಳಿ ಎದ್ದೋರು ಗುನುಗೋದು ಬಹಳ ಸಲ ಆ ಟ್ರಂಪೆಟ್ ಸಾಲನ್ನೇ. ಅಲ್ಲಿ ಗಿಟಾರ್ ಕೂಡ ತೆಳ್ಳಗೆ, ಒಣಗಿದ ಹಾಗೆ ಇರುತ್ತೆ, ಟ್ರಂಪೆಟ್‌ಗೆ ಜಾಗ ಬಿಟ್ಟು. ಬೇರೂತ್‌ನಲ್ಲಿ ಗಾಯಕನೇ ಟ್ರಂಪೆಟ್ ಆಗ್ತಾರೆ, ಕೇಕ್‌ನಲ್ಲಿ ಗಾಯಕ ಬಿಟ್ಟುಕೊಟ್ಟಿದ್ದನ್ನ ಟ್ರಂಪೆಟ್ ತಗೊಳ್ಳುತ್ತೆ.

ಇಲ್ಲಿ ಸ್ವಲ್ಪ ಟೆಕ್ನಿಕಲ್ ವಿಷಯ ಹೇಳ್ಬೇಕು, ಬ್ಯಾಂಡ್ ಕಟ್ಟೋ ಹುಡುಗರು ಹುಡುಗೀರು ಇಲ್ಲಿ ತುಂಬಾ ಜನ ಬಂದಿದ್ದೀರಿ ಅಂತ ಗೊತ್ತು. ಗಿಟಾರಿಸ್ಟ್‌ಗಳಿಗೆ ಇಷ್ಟದ ಕೀ, ಅಂದ್ರೆ ಹಾಡಿಗೆ ಆಧಾರ ಆಗೋ ಸ್ವರ, ಇ ಮತ್ತೆ ಎ, ತೆರೆದ ತಂತಿಗಳು ಸಿಗ್ತಾವೆ, ಕೈಗೆ ಸುಲಭ. ಟ್ರಂಪೆಟ್ ಬಿ ಫ್ಲ್ಯಾಟ್ ವಾದ್ಯ, ಅದರ ಕಾಗದದಲ್ಲಿ ಸಿ ಅಂತ ಬರೆದದ್ದನ್ನ ಊದಿದ್ರೆ ಹೊರಗೆ ಕೇಳೋದು ಬಿ ಫ್ಲ್ಯಾಟ್. ಹಾಗಾಗಿ ಗಿಟಾರಿಸ್ಟ್ ಖುಷಿಯಿಂದ ಇ ಮೇಜರ್ ಶುರು ಮಾಡಿದ್ರೆ ಟ್ರಂಪೆಟ್ ಊದೋರು ಎಫ್ ಶಾರ್ಪ್‌ನಲ್ಲಿ ಓದ್ಬೇಕು, ಆರು ಶಾರ್ಪ್, ಅಂದ್ರೆ ಆರು ಸ್ವರಗಳನ್ನ ಅರ್ಧ ಸ್ವರ ಮೇಲೆ ಊದ್ಬೇಕು! ಎ ಮೇಜರ್ ಅಂದ್ರೆ ಐದು ಶಾರ್ಪ್. ನುರಿತೋರು ಊದ್ತಾರೆ, ಆದ್ರೆ ಬೆರಳು ತೊಡಕಾಗುತ್ತೆ, ಸ್ವರ ಅಳುಕುತ್ತೆ. ಎಷ್ಟೋ ಹೊಸ ಬ್ಯಾಂಡ್‌ಗಳಲ್ಲಿ ಹಾರ್ನ್ ಊದೋರು ಸರಿ ಇಲ್ಲ ಅಂತ ಬೈಸ್ಕೊಂಡಿರ್ತಾರೆ, ನಿಜವಾದ ತೊಂದ್ರೆ ಕೀದು. ಪರಿಹಾರ ತುಂಬಾ ಸುಲಭ. ಗಿಟಾರಿಗೆ ಮೊದಲ ಫ್ರೆಟ್ ಮೇಲೆ ಕಾಪೊ, ಅಂದ್ರೆ ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್, ಹಾಕಿ ಅದೇ ಎ ಮೇಜರ್ ಹಿಡೀರಿ, ಹೊರಗೆ ಬಿ ಫ್ಲ್ಯಾಟ್ ಕೇಳುತ್ತೆ, ಟ್ರಂಪೆಟ್‌ಗೆ ಅದು ಸಿ ಮೇಜರ್, ಒಂದೂ ಶಾರ್ಪ್ ಇಲ್ಲ, ಅರ್ಧ ಸ್ವರ ಕೆಳಗಿಳಿಸೋ ಫ್ಲ್ಯಾಟೂ ಇಲ್ಲ. ಅಥವಾ ಗಿಟಾರನ್ನೇ ಅರ್ಧ ಸ್ವರ ಕೆಳಗಿಳಿಸಿ ಶ್ರುತಿ ಮಾಡಿ ಇ ಹಿಡಿದ್ರೆ ಟ್ರಂಪೆಟ್‌ಗೆ ಎಫ್ ಮೇಜರ್ ಸಿಗುತ್ತೆ, ಒಂದೇ ಫ್ಲ್ಯಾಟ್. ಗಿಟಾರಿಸ್ಟ್ ಬೆರಳು ಬದಲಾಯಿಸೋದೇ ಬೇಡ.

ಇನ್ನೊಂದು ತೊಂದ್ರೆ ಇದೆ, ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ಸ್ಟೇಜ್ ಬಿಸಿ ಆದಷ್ಟು ಹಾರ್ನ್ ಒಳಗಿನ ಗಾಳಿ ಬಿಸಿ ಆಗಿ ಶ್ರುತಿ ಮೇಲೆ ಹೋಗುತ್ತೆ, ಅದೇ ಬಿಸಿಗೆ ಗಿಟಾರ್ ತಂತಿ ಸಡಿಲ ಆಗಿ ಶ್ರುತಿ ಕೆಳಗೆ ಹೋಗುತ್ತೆ. ಇಬ್ರೂ ಎದುರುಬದುರು ದಿಕ್ಕಿಗೆ! ಹೊರಗಡೆ ಚಳೀಲಿ ಆದ್ರೆ ಉಲ್ಟಾ. ಅದಕ್ಕೇ ಹಾರ್ನ್ ಇರೋ ಬ್ಯಾಂಡ್‌ನೋರು ಹಾಡು ಹಾಡಿಗೂ ಮಧ್ಯೆ ಮೆಲ್ಲಗೆ ಟ್ಯೂನಿಂಗ್ ಸ್ಲೈಡ್, ಅಂದ್ರೆ ಶ್ರುತಿ ಹೊಂದಿಸೋ ಜಾರು ಕೊಳವೆ, ಎಳೀತಾ ಇರ್ತಾರೆ, ನೊಂದ ತುಟಿಗೂ ಆಗ ಸ್ವಲ್ಪ ಬಿಡುವು. ತುಟಿ ಅಂದೆ ನೋಡಿ, ಟ್ರಂಪೆಟ್, ಟ್ರೊಂಬೋನ್ ತರದ ಹಾರ್ನ್‌ನಲ್ಲಿ ನಿಜವಾಗ್ಲೂ ಕಂಪಿಸೋದು ಲೋಹ ಅಲ್ಲ, ಊದೋರ ತುಟಿ. ಅದು ಮಾಂಸಖಂಡ, ಸುಸ್ತಾಗುತ್ತೆ. ಗಿಟಾರಿಸ್ಟ್ ಎರಡು ಗಂಟೆ ನಿಲ್ಲದೆ ನುಡಿಸ್ಬಹುದು, ಟ್ರಂಪೆಟ್ ಊದೋರಿಗೆ ಮೇಲಿನ ಸ್ವರ ಹಾಡು ಹಾಡಿಗೂ ಕೊಟ್ರೆ ಅರ್ಧ ಸೆಟ್‌ಗೆ ತುಟಿ ಕೈ ಕೊಡುತ್ತೆ. ಒಳ್ಳೆ ಬ್ಯಾಂಡ್ ಯಾವ್ದು ಅಂತ ಸೆಟ್ ಲಿಸ್ಟ್ ನೋಡಿದ್ರೇ ಗೊತ್ತಾಗುತ್ತೆ, ಕಷ್ಟದ ಎರಡು ಹಾರ್ನ್ ಹಾಡನ್ನ ಅಕ್ಕಪಕ್ಕ ಇಡಲ್ಲ.

ಸಾಲ ತಂದ ಸಂಗೀತ ಅಲ್ವಾ ಇದು ಅಂತ ಕೇಳೋರು ಇದ್ದಾರೆ, ನ್ಯೂ ಮೆಕ್ಸಿಕೋದ ಹುಡುಗನಿಗೆ ಬಾಲ್ಕನ್ ಬ್ರಾಸ್ ಯಾಕೆ ಅಂತ. ಪ್ರಶ್ನೆ ಸರಿಯಾಗೇ ಇದೆ, ಅದನ್ನ ಪಕ್ಕಕ್ಕೆ ತಳ್ಳಬಾರದು. ಮೊದಲ ಆಲ್ಬಂನಲ್ಲಿ ಆ ಸಂಗೀತದ ಮೂಲ ಜನ ಯಾರೂ ಕೂತು ಊದಿಲ್ಲ, ಅದು ದೂರದಿಂದ ಪ್ರೀತಿಸಿದ್ದು. ಆದ್ರೆ 2009ರಲ್ಲಿ ಬಂದ ಮಾರ್ಚ್ ಆಫ್ ದಿ ಝಾಪೋಟೆಕ್ ಮಾಡುವಾಗ ಕಾಂಡನ್ ಮೆಕ್ಸಿಕೋದ ಒವಹಾಕ ರಾಜ್ಯಕ್ಕೆ ಹೋದ್ರು, ತಿಯೋತಿತ್ಲಾನ್ ದೆಲ್ ವಾಯೆ ಅನ್ನೋ ನೇಕಾರರ ಊರಿನ ಹಿಮೆನೆಸ್ ಬ್ಯಾಂಡ್ ಜೊತೆ ರೆಕಾರ್ಡ್ ಮಾಡಿದ್ರು, ಅದು ಊರ ಹಬ್ಬಕ್ಕೂ ಶವಯಾತ್ರೆಗೂ ಊದೋ ದೊಡ್ಡ ಬ್ಯಾಂಡ್. ಅಲ್ಲಿ ಹಾರ್ನ್ ಬಹುಪಾಲು ಅವರದ್ದೇ, ತೂಕಾನೂ ಅವರದ್ದೇ. ನನಗೆ ಈ ದಾರಿ ಹೆಚ್ಚು ಮರ್ಯಾದೆಯದ್ದು ಅನ್ಸುತ್ತೆ, ಸಂಗೀತ ಬೇಕು ಅಂದ್ರೆ ಊದೋರ ಮನೆ ಬಾಗಿಲಿಗೆ ಹೋಗಿ, ಅವರ ಹೆಸರು ಹೇಳಿ. ಅರಿಝೋನಾದ ಟೂಸಾನ್ ಊರಿನ ಕಲೆಕ್ಸಿಕೊ ಬ್ಯಾಂಡ್ ಈ ವಿಷಯದಲ್ಲಿ ಇನ್ನೂ ಮುಂದೆ. ಜೋಯಿ ಬರ್ನ್ಸ್, ಜಾನ್ ಕನ್ವರ್ಟಿನೊ ಇಬ್ರೂ ಮೆಕ್ಸಿಕೋ ಗಡಿ ಹತ್ರಾನೇ ಇದ್ದೋರು, ಮೆಕ್ಸಿಕೋದ ಜನಪದ ಶೈಲಿ ಮರಿಯಾಚಿಯ ಟ್ರಂಪೆಟ್ ಅವರ ನೆರೆಮನೆ ದನಿ, ಮರಿಯಾಚಿ ಲೂಸ್ ದೆ ಲೂನಾ ಅನ್ನೋ ಅಲ್ಲಿನದೇ ತಂಡದ ಜೊತೆ ನುಡಿಸಿದ್ದಾರೆ, ಜೇಕಬ್ ವಲೆನ್ಸುವೆಲಾ ಮತ್ತೆ ಮಾರ್ಟಿನ್ ವೆಂಕ್ ವರ್ಷಾನುಗಟ್ಟಲೆ ಆ ಬ್ಯಾಂಡಲ್ಲಿ ಟ್ರಂಪೆಟ್ ಊದಿದ್ದಾರೆ. 2003ರ ಫೀಸ್ಟ್ ಆಫ್ ವೈರ್ ಕೇಳಿ, ಎರಡು ಟ್ರಂಪೆಟ್ ಥರ್ಡ್ ಅಂತರದಲ್ಲಿ, ಅಂದ್ರೆ ಒಂದು ಸ ಊದಿದ್ರೆ ಇನ್ನೊಂದು ಗ ಊದೋ ಹಾಗೆ, ಜೋಡಿಯಾಗಿ ಹೋಗೋದು ಹೇಗೆ ಅಂತ ಅದಕ್ಕಿಂತ ಚೆನ್ನಾಗಿ ಕಲಿಸೋ ಇಂಡೀ ಆಲ್ಬಂ ನಾನಂತೂ ಕಂಡಿಲ್ಲ.

ಹಣದ ಮಾತು ಚಿಕ್ಕದಾಗಿ ಹೇಳಿಬಿಡ್ತೀನಿ. ನಾಲ್ಕು ಜನದ ಬ್ಯಾಂಡ್ ಏಳು ಜನ ಆದ್ರೆ ಸಿಗೋ ಸಂಭಾವನೆ ಏಳು ಪಾಲು, ವ್ಯಾನ್ ದೊಡ್ಡದು ಬೇಕು, ಮೈಕ್ ಹೆಚ್ಚು ಬೇಕು. ಎಷ್ಟೋ ಬ್ಯಾಂಡ್ ಟೂರಿಗೆ ಹೊರಟಾಗ ಮೊದಲು ಮನೇಲಿ ಬಿಡೋದು ಹಾರ್ನ್ ಊದೋರನ್ನೇ, ಅವರ ಜಾಗಕ್ಕೆ ಕೀಬೋರ್ಡ್ ಸ್ಯಾಂಪಲ್. ಇದರ ಇನ್ನೊಂದು ಮುಖ ಅಂದ್ರೆ ಒಳ್ಳೆ ಹಾರ್ನ್ ಊದೋರು ಬ್ಯಾಂಡಿಂದ ಬ್ಯಾಂಡಿಗೆ ಓಡಾಡ್ತಾ ಇರ್ತಾರೆ. ಬೇರೂತ್‌ನಲ್ಲಿ ಟ್ರೊಂಬೋನ್ ಊದಿದ ಬೆನ್ ಲಾಂಝ್, ಟ್ರಂಪೆಟ್ ಊದಿದ ಕೈಲ್ ರೆಸ್ನಿಕ್ ಇಬ್ರೂ ದಿ ನ್ಯಾಷನಲ್ ಬ್ಯಾಂಡ್ ಜೊತೆ ವರ್ಷಗಟ್ಟಲೆ ಟೂರ್ ಮಾಡಿದ್ದಾರೆ. ಅಲ್ಲಿ ಅವರ ಕೆಲಸಾನೇ ಬೇರೆ, ಮೆಲ್ಲಗೆ ಉದ್ದ ಸ್ವರ ಹಿಡಿದು ಗಿಟಾರಿನ ಅಡಿಗೆ ಇರೋದು, ಕೊನೇಲಿ ಒಮ್ಮೆಲೇ ಉಬ್ಬೋದು.

ಬೇರೂತ್ ಕತೆ ಎಲ್ಲಿಗೆ ಬಂತು ಅಂದ್ರೆ, 2019ರ ಗ್ಯಾಲಿಪೊಲಿ ಆಲ್ಬಂಗೆ ಹೆಸರು ಬಂದಿದ್ದು ಇಟಲಿಯ ದಕ್ಷಿಣದ ಅದೇ ಹೆಸರಿನ ಕೋಟೆ ಊರಿಂದ. ಪಾದ್ರಿಗಳು ಊರ ಸಂತನ ಮೂರ್ತಿ ಹೊತ್ತು ಹೋಗ್ತಿದ್ದ ಮೆರವಣಿಗೆ, ಜೊತೆಗೆ ಬ್ರಾಸ್ ಬ್ಯಾಂಡ್, ಇವರೂ ಜನರ ಜೊತೆ ಸಂದಿಗೊಂದಿ ಸುತ್ತಿದ್ರು, ಆಲ್ಬಂ ಹೆಸರಿನದೇ ಹಾಡು ಬಂದಿದ್ದು ಅಲ್ಲಿಂದ. ಅದೇ ವರ್ಷ ಗಂಟಲ ತೊಂದ್ರೆಯಿಂದ ಟೂರ್ ರದ್ದಾಯ್ತು. ಉಸಿರು, ಗಂಟಲು, ತುಟಿ, ಇವಿಷ್ಟನ್ನೇ ನಂಬ್ಕೊಂಡ ಮನುಷ್ಯನಿಗೆ ಅದು ಎಂಥ ಪೆಟ್ಟು. ಆಮೇಲೆ ನಾರ್ವೆಯ ಉತ್ತರದ ಹಾಡ್ಸೆಲ್‌ಗೆ ಹೋಗಿ ಅಲ್ಲಿನ ಹಳೇ ಚರ್ಚಿನ ಆರ್ಗನ್ ಮುಂದೆ ಕೂತ್ರು, 2023ರಲ್ಲಿ ಆ ಊರಿನ ಹೆಸರಲ್ಲೇ ಆಲ್ಬಂ ಬಂತು, ಮತ್ತೆ ಮೊದಲಿನ ಹಾಗೆ ಎಲ್ಲ ವಾದ್ಯ ಅವರೇ. ಚರ್ಚ್ ಆರ್ಗನ್ ಕೂಡ ಕೊಳವೆಯೊಳಗೆ ಗಾಳಿ ಹಾಯಿಸಿ ಹಾಡಿಸೋ ವಾದ್ಯ ತಾನೆ, ಊದೋಕೆ ತುಟಿ ಬೇಡ ಅಷ್ಟೇ. ಅದರ ಪಕ್ಕದಲ್ಲಿ ಟ್ರಂಪೆಟ್ ಬಂದು ನಿಂತಾಗ ಎರಡೂ ಒಂದೇ ಮನೆಯೋರ ಹಾಗೆ ಕೇಳ್ತಾವೆ. ನನಗೆ ಅವರ ಆಲ್ಬಂಗಳಲ್ಲಿ ತುಂಬಾ ಹತ್ತಿರದ್ದು ಇದು.

ಮಾತು ಮುಗಿದ ಮೇಲೆ ಒಬ್ರು ಎದ್ದು ಕೇಳಿದ್ರು, ನಮ್ಮ ಬ್ಯಾಂಡಿಗೆ ಒಬ್ರೇ ಟ್ರಂಪೆಟ್ ಊದೋರು ಸಿಕ್ಕಿದ್ದಾರೆ, ಏನು ಮಾಡೋದು ಅಂತ. ಅಲ್ಲಿ ಹೇಳಿದ್ದನ್ನೇ ಇಲ್ಲೂ ಬರೀತೀನಿ. ಮೊದಲು ನಿಮ್ಮ ಎರಡನೇ ಗಿಟಾರಿಸ್ಟ್‌ಗೆ ಅರ್ಧ ಹಾಡಿನಲ್ಲಿ ನುಡಿಸ್ಬೇಡ ಅಂತ ಹೇಳಿ, ಕೋಪ ಮಾಡ್ಕೊಂಡ್ರೂ ಪರ್ವಾಗಿಲ್ಲ. ಕಾಪೊ ತಗೊಳ್ಳಿ. ಕೋರಸ್‌ನಲ್ಲಿ ಪೆಟ್ಟು ಕೊಡೋಕೆ ಕಾಯಿಸ್ಬೇಡಿ, ಹಾಡೋರ ಟ್ಯೂನನ್ನೇ ಟ್ರಂಪೆಟ್‌ಗೆ ಕೊಟ್ಟು ಎರಡನೇ ಚರಣ ಆದ್ಮೇಲೆ ಪೂರ್ತಿ ಒಂದು ಸುತ್ತು ಅವರೇ ಹಾಡ್ಲಿ. ಮುಂದೆ ಟ್ರೊಂಬೋನ್ ಊದೋರು ಯಾರಾದ್ರೂ ಸಿಕ್ಕಿದ್ರೆ ತಕ್ಷಣ ಹಾರ್ಮನಿ ಬರೆಯೋಕೆ ಹೋಗ್ಬೇಡಿ, ಮೊದಲು ಇಬ್ರೂ ಒಂದೇ ಟ್ಯೂನ್ ಊದ್ಲಿ, ಟ್ರೊಂಬೋನ್ ಒಂದು ಆಕ್ಟೇವ್ ಕೆಳಗೆ, ಉಸಿರು ತಗೊಳ್ಳೋ ಜಾಗ ಇಬ್ರಿಗೂ ಒಂದೇ ಆಗೋವರೆಗೆ.